ಎಲೆ ಉದುರುವ ಕಾಲಕ್ಕೆ ಚಂದ್ರಂಪಳ್ಳಿ, ಕಾರಂಜಾ: ಎರಡು ದಿನದ ಹಾದಿಗೆ ತಯಾರಿ

ಅಕ್ಟೋಬರ್ ಕೊನೆ ಬಂತೆಂದರೆ ಶ್ರೀನಗರದ ಚಿನಾರ್ ಮರಗಳ ಫೋಟೊಗಳು ಮೊಬೈಲ್ ತುಂಬ ಹರಿದಾಡುತ್ತವೆ. ದಾಲ್ ಸರೋವರದ ದಂಡೆ, ಕೆಂಪಾದ ಎಲೆ, ನೀರಿನಲ್ಲಿ ಅದರ ಬಿಂಬ. ಕಲಬುರಗಿಯಲ್ಲಿ ಕೂತು ಅದನ್ನು ನೋಡಿದವರು ಕೇಳುವುದು ಒಂದೇ ಮಾತು: ಇಂಥದ್ದು ನಮ್ಮ ಕಡೆ ಇಲ್ಲವೇ? ಇದೆ. ಚಿಂಚೋಳಿ ಕಾಡಿನ ಚಂದ್ರಂಪಳ್ಳಿ, ಬೀದರ್ ಕಡೆಯ ಕಾರಂಜಾ ಎಂಬ ಎರಡು ಜಲಾಶಯಗಳ ದೊಡ್ಡ ನೀರೂ ಇದೆ, ಬಣ್ಣ ತಿರುಗುವ ಕಾಡೂ ಇದೆ, ಎಲ್ಲವನ್ನೂ ಸುತ್ತಿ ಬರಲು ರಸ್ತೆಯೂ ಇದೆ. ಆದರೆ ಅಕ್ಟೋಬರ್‌ನಲ್ಲಿ ಹೊರಟರೆ ಏನೂ ಸಿಗುವುದಿಲ್ಲ. ಆಗ ತೊಗರಿ ಸೊಂಟದೆತ್ತರ ನಿಂತು ಹೂ ಬಿಡುವ ತಯಾರಿಯಲ್ಲಿರುತ್ತದೆ, ಗುಡ್ಡವೆಲ್ಲ ಹಸಿರು. ನಮ್ಮ ಕಾಡು ಬಣ್ಣ ತಿರುಗುವುದು ಅದಾಗಿ ಮೂರು ನಾಲ್ಕು ತಿಂಗಳಿಗೆ, ಸಂಕ್ರಾಂತಿ ದಾಟಿದ ಮೇಲೆ.

ಈ ವ್ಯತ್ಯಾಸದ ಕಾರಣ ತಿಳಿದುಕೊಂಡರೆ ಪ್ರವಾಸದ ಅರ್ಧ ಯೋಜನೆ ಮುಗಿದಂತೆ. ಕಾಶ್ಮೀರದಲ್ಲಿ ಎಲೆ ಉದುರುವುದು ಹಗಲು ಗಿಡ್ಡದಾಗಿ ಚಳಿ ಬಂದದ್ದಕ್ಕೆ. ನಮ್ಮಲ್ಲಿ ಉದುರುವುದು ನೀರಡಿಕೆಗೆ. ಮುಂಗಾರು ಅಕ್ಟೋಬರ್ ಹೊತ್ತಿಗೆ ಹಿಂದೆ ಸರಿಯುತ್ತದೆ. ನೆಲದೊಳಗಿನ ಹಸಿ ಡಿಸೆಂಬರ್ ತನಕ ಹೇಗೋ ಮರವನ್ನು ಸಾಕುತ್ತದೆ. ಜನವರಿ ಕೊನೆಗೆ ಬಿಸಿಲು ಏರಿ ಗಾಳಿ ಒಣಗಿದಾಗ, ಬೇರು ತಂದುಕೊಡುವ ನೀರಿಗಿಂತ ಎಲೆ ಆರಿಸಿ ಬಿಡುವ ನೀರೇ ಹೆಚ್ಚಾಗುತ್ತದೆ. ಆಗ ಮರ ಎಲೆಯೊಳಗಿನ ಸತ್ವವನ್ನು ಆದಷ್ಟು ಹಿಂದಕ್ಕೆ ಎಳೆದುಕೊಂಡು, ತೊಟ್ಟಿನ ಬುಡದಲ್ಲಿ ತೊಗಟೆಯಂಥ ತೆಳು ಪದರ ಕಟ್ಟಿ, ಎಲೆಯನ್ನು ಕಳಚಿಬಿಡುತ್ತದೆ. ಹಸಿರು ಕರಗಿದ ಮೇಲೆ ಮೊದಲಿಂದಲೂ ಅಡಿಯಲ್ಲಿದ್ದ ಹಳದಿ ಕಾಣುತ್ತದೆ. ಕೆಲವು ಮರಗಳು ಕೊನೆಯ ದಿನಗಳಲ್ಲಿ ಕೆಂಪನ್ನು ಹೊಸದಾಗಿ ತಯಾರಿಸುತ್ತವೆ.

ಹಾಗಾಗಿ ಇಲ್ಲಿ ಬಣ್ಣದ ದಿನಾಂಕ ಹೇಳುವುದು ನೆಲದ ಆಳ ಮತ್ತು ನೀರಿನ ದೂರ. ಗುಡ್ಡದ ನೆತ್ತಿಯಲ್ಲಿ ಗೇಣುದ್ದ ಮಣ್ಣು, ಅದರ ಕೆಳಗೆ ಜಂಬಿಟ್ಟಿಗೆ ಕಲ್ಲು. ಅಲ್ಲಿ ಎಲೆ ಮೊದಲು ಬೀಳುತ್ತದೆ. ಇಳಿಜಾರಿನಲ್ಲಿ ಅದಕ್ಕಿಂತ ಒಂದೆರಡು ವಾರ ತಡ. ಜಲಾಶಯದ ಅಂಚಿನ ಮರಗಳು ಎಲ್ಲಕ್ಕಿಂತ ಕೊನೆಗೆ ಬೋಳಾಗುತ್ತವೆ, ಅವುಗಳ ಬೇರಿಗೆ ಹಸಿ ಸಿಗುತ್ತಲೇ ಇರುತ್ತದೆ. ಅಮೆರಿಕದಲ್ಲೋ ಜಪಾನಿನಲ್ಲೋ ಬಣ್ಣ ಹುಡುಕುವವರು ಉತ್ತರದಿಂದ ದಕ್ಷಿಣಕ್ಕೆ ನೂರಾರು ಕಿಲೊಮೀಟರ್ ಅದರ ಬೆನ್ನು ಹತ್ತುತ್ತಾರೆ. ನಮಗೆ ನೆತ್ತಿಯಿಂದ ದಂಡೆಗೆ ಮೂರು ನಾಲ್ಕು ಕಿಲೊಮೀಟರ್ ಇಳಿದರೆ ಸಾಕು, ಅಷ್ಟರಲ್ಲೇ ಮೂರೂ ಹಂತ ಕಾಣುತ್ತವೆ. ನೀವು ತಡವಾಗಿ ಬಂದಿದ್ದರೆ ಕೆಳಗಿಳಿದು ನೀರಿನ ಕಡೆ ಹೋಗಿ. ಬೇಗ ಬಂದಿದ್ದರೆ ಮೇಲೆ ಹತ್ತಿ. ಮುಂದೆ ಹೇಳುವ ಹಾದಿಯನ್ನೆಲ್ಲ ಕಟ್ಟಿರುವುದು ಇದೇ ಲೆಕ್ಕದ ಮೇಲೆ.

ಯಾವ ಮರ ಯಾವಾಗ ಎಂಬುದನ್ನು ತಿಳಿದಿರಬೇಕು, ಇಲ್ಲದಿದ್ದರೆ ಕಾಡು ಬರೀ ಒಣಗಿದಂತೆ ಕಾಣುತ್ತದೆ. ಬಣ್ಣದಲ್ಲಿ ಮೊದಲು ಬರುವುದು ದಿಂಡಿಗ. ಜನವರಿ, ಫೆಬ್ರುವರಿಯಲ್ಲಿ ಅದರ ಸಣ್ಣ ಎಲೆಗಳು ತಾಮ್ರದ ಬಣ್ಣಕ್ಕೆ ತಿರುಗುತ್ತವೆ; ಬಿಸಿಲು ಹಿಂದಿನಿಂದ ಬಿದ್ದರೆ ಇಡೀ ಮರ ಕೆಂಡದಂತೆ ಹೊಳೆಯುತ್ತದೆ. ಕಾಶ್ಮೀರದ ಕೆಂಪಿಗೆ ನಮ್ಮಲ್ಲಿ ಹತ್ತಿರ ಬರುವ ಮರ ಇದೇ. ಆಮೇಲೆ ತೇಗ, ನಮ್ಮ ಕಡೆ ಸಾಗವಾನಿ. ಅದು ಹಳದಿಯಾಗಿ, ಕಂದಾಗಿ, ಆನೆಕಿವಿಯಷ್ಟಗಲದ ಎಲೆಗಳನ್ನು ಫೆಬ್ರುವರಿ ಪೂರ್ತಿ ಬೀಳಿಸುತ್ತಲೇ ಇರುತ್ತದೆ. ಬೂರುಗ ಆ ಹೊತ್ತಿಗೆ ಎಲೆ ಕಳಚಿ ಬೋಳು ಕೊಂಬೆಯ ಮೇಲೆ ದಪ್ಪ ಕೆಂಪು ಹೂ ಹೊತ್ತಿರುತ್ತದೆ. ಕಲ್ಲುಗುಡ್ಡದಲ್ಲಿ ಅರಿಶಿನ ಬೂರುಗ ಕಂಡರೆ ನಿಲ್ಲಿ, ಅಂಥ ಹಳದಿ ಬೇರೆ ಯಾವ ಮರದಲ್ಲೂ ಇಲ್ಲ. ಬೇವು ಹಳದಿಯಾಗಿ ಉದುರಿ ತಾಮ್ರದ ಚಿಗುರು ತೊಡುತ್ತದೆ. ಅರಳಿಯ ಚಿಗುರೂ ಹಾಗೇ, ಮೊದಲ ವಾರ ಅದು ಎಲೆಯೋ ಹೂವೋ ಎಂದು ದೂರದಿಂದ ತಿಳಿಯುವುದಿಲ್ಲ. ಕಕ್ಕೆಯ ಹಳದಿ ಮಾಲೆಗೆ ಮಾತ್ರ ಏಪ್ರಿಲ್ ದಾಟಬೇಕು, ಅದನ್ನು ಈ ಪ್ರವಾಸದ ಲೆಕ್ಕದಲ್ಲಿ ಸೇರಿಸಬೇಡಿ.

ತೇಗದ ವಿಷಯದಲ್ಲಿ ಹಲವರು ಮೋಸ ಹೋಗುತ್ತಾರೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ನೆಡುತೋಪಿನ ತೇಗ ಇದ್ದಕ್ಕಿದ್ದಂತೆ ಕಂದಾದುದನ್ನು ನೋಡಿ ಕಾಲ ಬಂತೆಂದು ಹೊರಡುತ್ತಾರೆ. ಅದು ಕಾಲವಲ್ಲ, ಎಲೆ ತಿನ್ನುವ ಹುಳುವಿನ ಕೆಲಸ. ಬಿದ್ದ ಒಂದು ಎಲೆ ಎತ್ತಿ ಬೆಳಕಿಗೆ ಹಿಡಿಯಿರಿ. ಹುಳು ತಿಂದದ್ದಾದರೆ ನರಗಳಷ್ಟೇ ಉಳಿದು, ನಡುವಿನದೆಲ್ಲ ಹೋಗಿ, ಜಾಲರಿಯ ಹಾಗೆ ಆಚೆಯ ಆಕಾಶ ಕಾಣುತ್ತದೆ. ದೊಡ್ಡ ನರದಿಂದ ಕವಲು, ಕವಲಿನಿಂದ ಎಳೆ, ಎಳೆಯಿಂದ ಕೂದಲಿನಷ್ಟು ಸಣ್ಣ ಗೆರೆ, ಒಂದೂ ತುಂಡಾಗಿರುವುದಿಲ್ಲ. ಕಾಲಕ್ಕೆ ಉದುರಿದ ಎಲೆ ಹಾಗಿರುವುದಿಲ್ಲ. ಅದು ಪೂರ್ತಿ ಇರುತ್ತದೆ, ಒರಟಾಗಿರುತ್ತದೆ, ಮುರಿದರೆ ಹಪ್ಪಳದ ಸದ್ದು ಬರುತ್ತದೆ.

ಇನ್ನು ಮುತ್ತುಗ. ನಮ್ಮ ಕಡೆ ಮುತ್ತಲ ಎಂದೂ ಕರೆಯುವ ಈ ಮರವೇ ಪ್ರವಾಸದ ಜೀವ. ಎಲೆಯೆಲ್ಲ ಉದುರಿ, ಕಪ್ಪು ಮಖಮಲ್ಲಿನಂಥ ಮೊಗ್ಗು ಗೊಂಚಲು ಗೊಂಚಲಾಗಿ ಕಟ್ಟಿ, ಒಂದು ವಾರದೊಳಗೆ ಮರ ಪೂರ್ತಿ ಕಿತ್ತಳೆಯಾಗುತ್ತದೆ. ಹೂವಿನ ಒಂದು ಎಸಳು ಗಿಳಿಯ ಕೊಕ್ಕಿನಂತೆ ಬಾಗಿ ಮೇಲೆದ್ದಿರುತ್ತದೆ. ಬೆಳಿಗ್ಗೆ ಒಂದರ್ಧ ಗಂಟೆ ಮರದ ಕೆಳಗೆ ಸುಮ್ಮನೆ ನಿಂತರೆ ಗಿಳಿ, ಸೂರಕ್ಕಿ, ಗೊರವಂಕ ಎಲ್ಲ ಮಕರಂದಕ್ಕೆ ಬರುವುದು ಕಾಣುತ್ತದೆ. ಚಳಿಗಾಲಕ್ಕೆ ವಲಸೆ ಬಂದ ಗುಲಾಬಿ ಮೈನಾಗಳು ಹಿಂಡು ಹಿಂಡಾಗಿ ಇಳಿಯುತ್ತವೆ. ಒಂದು ಮರದ ಭರ್ತಿ ಹೂವು ಎರಡರಿಂದ ಮೂರು ವಾರ ಇರುತ್ತದೆ, ಅಷ್ಟೇ. ಅದರಲ್ಲೂ ಕಣ್ಣಿಗೆ ತುಂಬುವಂತೆ ಇರುವುದು ನಡುವಿನ ವಾರ.

ಯಾವ ದಿನ ಹೊರಡಬೇಕು? ಊರಲ್ಲಿ ಹೇಳುವ ಲೆಕ್ಕ ಶಿವರಾತ್ರಿ ಮತ್ತು ಹೋಳಿ ಹುಣ್ಣಿಮೆಯ ನಡುವೆ ಎಂದು. ಲೆಕ್ಕ ಚೆನ್ನಾಗಿದೆ, ಆದರೆ ಪೂರ್ತಿ ನಂಬುವಂಥದ್ದಲ್ಲ. 2024ರಲ್ಲಿ ಶಿವರಾತ್ರಿ ಮಾರ್ಚ್ 8ಕ್ಕೆ ಬಂತು, 2026ರಲ್ಲಿ ಫೆಬ್ರುವರಿ 15ಕ್ಕೇ ಬಂತು. ಚಾಂದ್ರಮಾನದ ಹಬ್ಬ ಮೂರು ವಾರ ಹಿಂದೆ ಮುಂದೆ ಆಗುತ್ತದೆ, ಮರ ಆಗುವುದಿಲ್ಲ. ಹಾಗಾಗಿ ಹಬ್ಬ ಬೇಗ ಬಂದ ವರ್ಷ ಆ ಲೆಕ್ಕ ಸರಿಹೋಗುತ್ತದೆ. ತಡವಾಗಿ ಬಂದ ವರ್ಷ ಹೋಳಿಗೆ ಹೋದರೆ ಮುತ್ತುಗ ಕಾಯಿ ಹಿಡಿದಿರುತ್ತದೆ, ಬಿಸಿಲಿಗೆ ಗುಡ್ಡ ಬೂದಿಬಣ್ಣಕ್ಕೆ ಬಂದಿರುತ್ತದೆ. ಎಲ್ಲ ವರ್ಷಕ್ಕೂ ಹೊಂದುವುದು ಫೆಬ್ರುವರಿ ಎರಡನೇ ವಾರದಿಂದ ಮಾರ್ಚ್ ಮೊದಲ ವಾರ. ಎಲೆಯ ಬಣ್ಣವೇ ಮುಖ್ಯ ಎನ್ನುವವರು ಅದರ ಮೊದಲ ಭಾಗ ಹಿಡಿಯಲಿ, ಮುತ್ತುಗದ ಹೂವು ಬೇಕೆನ್ನುವವರು ಕೊನೆಯ ಭಾಗ.

ಆ ನಾಲ್ಕು ವಾರದೊಳಗೆ ವಾರವನ್ನು ನಿರ್ಧರಿಸುವುದು ಹಿಂದಿನ ಮಳೆ. ಹಿಂಗಾರು ಚೆನ್ನಾಗಿ ಬಿದ್ದಿದ್ದರೆ, ಅಥವಾ ಡಿಸೆಂಬರ್‌ನಲ್ಲಿ ಅಕಾಲ ಮಳೆಯಾಗಿದ್ದರೆ, ಎಲೆ ಉದುರುವುದು ಮುಂದಕ್ಕೆ ಹೋಗುತ್ತದೆ. ಬರದ ವರ್ಷ ಜನವರಿಯಲ್ಲೇ ನೆತ್ತಿ ಬೋಳಾಗಿಬಿಡುತ್ತದೆ. ಇದನ್ನು ಮನೆಯಲ್ಲೇ ಕೂತು ನೋಡಬಹುದು. ಸೆಂಟಿನೆಲ್-2 ಉಪಗ್ರಹಗಳ ಚಿತ್ರ ಕೊಪರ್ನಿಕಸ್ ಬ್ರೌಸರ್ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಒಂದೇ ಜಾಗದ ಚಿತ್ರ ಸುಮಾರು ಐದು ದಿನಕ್ಕೊಮ್ಮೆ ಬರುತ್ತದೆ, ಒಂದು ಚುಕ್ಕೆ ಎಂದರೆ ನೆಲದ ಮೇಲೆ 10 ಮೀಟರ್. ಫೆಬ್ರುವರಿಯಲ್ಲಿ ನಮ್ಮಲ್ಲಿ ಮೋಡ ಕಡಿಮೆ, ಆದ್ದರಿಂದ ಚಿತ್ರ ಸ್ವಚ್ಛವಾಗಿರುತ್ತದೆ. ಚಂದ್ರಂಪಳ್ಳಿ ಸುತ್ತಲಿನ ಗುಡ್ಡವನ್ನು ತೆರೆದು, ಈ ವಾರದ ಚಿತ್ರವನ್ನು ಜನವರಿಯ ಚಿತ್ರದ ಪಕ್ಕದಲ್ಲಿಟ್ಟು ನೋಡಿ. ಹಸಿರು ಎಲ್ಲಿ ಹೋಗಿದೆ, ಎಲ್ಲಿ ಉಳಿದಿದೆ ಎಂಬುದು ಸ್ಪಷ್ಟವಾಗುತ್ತದೆ. ನೀರು ಎಷ್ಟು ಹಿಂದೆ ಸರಿದಿದೆ ಎಂಬುದೂ ಅದರಲ್ಲೇ ಕಾಣುತ್ತದೆ. ಒಂಟಿ ಮುತ್ತುಗದ ಹೂವು ಮಾತ್ರ ಅಷ್ಟು ದೂರದಿಂದ ಗೊತ್ತಾಗುವುದಿಲ್ಲ. ಅದಕ್ಕೆ ಚಿಂಚೋಳಿ ಕಡೆಯ ಪರಿಚಯದವರಿಗೆ ಒಂದು ಫೋನ್ ಮಾಡಿ. «ಹೂ ಅರಳ್ಯಾವೇನ್ರಿ?» ಎಂದು ಕೇಳಿದರೆ ಒಂದು ಮರದ ಮೇಲೆ ನಾಲ್ಕು ಕಂಡವರೂ ಹೌದು ಎನ್ನುತ್ತಾರೆ. «ಮುತ್ತಲ ಗಿಡದಾಗ ಮೊಗ್ಗು ಜಾಸ್ತಿ ಅದಾವೋ, ಹೂ ಜಾಸ್ತಿ ಅದಾವೋ?» ಎಂದು ಕೇಳಬೇಕು. ಮೊಗ್ಗು ಹೆಚ್ಚು ಎಂದರೆ ಒಂದು ವಾರ ತಡೆಯಿರಿ, ಸರಿಸಮ ಎಂದರೆ ಆ ಶನಿವಾರವೇ ಹೊರಡಿ.

ಇಲ್ಲೊಂದು ಕೊಡುಕೊಳ್ಳುವ ಲೆಕ್ಕವಿದೆ, ಅದನ್ನು ಒಪ್ಪಿಕೊಂಡೇ ಹೊರಡಬೇಕು. ಜಲಾಶಯ ತುಂಬಿರುವುದು ಅಕ್ಟೋಬರ್‌ನಲ್ಲಿ, ಬಣ್ಣ ತುಂಬುವುದು ಫೆಬ್ರುವರಿಯಲ್ಲಿ. ಅಷ್ಟರಲ್ಲಿ ಹಿಂಗಾರಿ ಬೆಳೆಗೆ ಬಿಟ್ಟ ನೀರು, ಕುಡಿಯಲು ಎತ್ತಿದ ನೀರು, ಬಿಸಿಲಿಗೆ ಆರಿದ ನೀರು ಎಲ್ಲ ಹೋಗಿ ದಂಡೆಯಲ್ಲಿ ಬೋಳು ನೆಲದ ಪಟ್ಟಿ ತೆರೆದುಕೊಂಡಿರುತ್ತದೆ. ಮರಕ್ಕೂ ನೀರಿಗೂ ನಡುವೆ ಆ ಕಂದು ಪಟ್ಟಿ ಬಂದಷ್ಟೂ ಬಿಂಬದ ಚಿತ್ರ ಕೆಡುತ್ತದೆ. ಇಳಿಜಾರು ಕಡಿದಾಗಿರುವ ಕಡೆ ಪಟ್ಟಿ ಕಿರಿದು, ಸಪಾಟಾಗಿರುವ ಕಡೆ ಅಗಲ. ಆದ್ದರಿಂದ ಗುಡ್ಡ ನೇರವಾಗಿ ನೀರಿಗೆ ಇಳಿಯುವ ಜಾಗಗಳನ್ನೇ ಉಪಗ್ರಹ ಚಿತ್ರದಲ್ಲಿ ಗುರುತು ಮಾಡಿಕೊಳ್ಳಿ. ಸುತ್ತಲೂ ಗುಡ್ಡವಿರುವ ಚಂದ್ರಂಪಳ್ಳಿಗೆ ಇದೇ ಅನುಕೂಲ. ಬಯಲಿನಲ್ಲಿ ಹರಡಿರುವ ಕಾರಂಜಾಕ್ಕೆ ಆ ಅನುಕೂಲವಿಲ್ಲ, ಅಲ್ಲಿ ನೋಡುವ ಬಗೆಯೇ ಬೇರೆ.

ಮೊದಲ ದಿನದ ಹಾದಿ ಕಲಬುರಗಿಯಿಂದ ಮಹಾಗಾಂವ ಕ್ರಾಸ್ ಮೇಲೆ ಚಿಂಚೋಳಿಗೆ, ಸುಮಾರು 85 ಕಿಲೊಮೀಟರ್. ಅಲ್ಲಿಂದ ಚಂದ್ರಂಪಳ್ಳಿ, ಆಮೇಲೆ ಕುಂಚಾವರಂ ಕಾಡಿನ ರಸ್ತೆ, ತೆಲಂಗಾಣದ ಜಹೀರಾಬಾದ್, ರಾತ್ರಿಗೆ ಬೀದರ್. ಬೆಳಿಗ್ಗೆ ಐದೂವರೆಗೆ ಕಲಬುರಗಿ ಬಿಡಲೇಬೇಕು. ಫೆಬ್ರುವರಿ ನಡುವಿನಲ್ಲಿ ಸೂರ್ಯ ಹುಟ್ಟುವುದು ಆರೂಮುಕ್ಕಾಲು ಸುಮಾರಿಗೆ. ಎಂಟರೊಳಗೆ ದಂಡೆ ಮುಟ್ಟಿದರೆ ಒಂದೂವರೆ ಗಂಟೆ ಒಳ್ಳೆಯ ಬೆಳಕು ಸಿಗುತ್ತದೆ. ಗಾಳಿ ಏಳುವ ಮುಂಚಿನ ಆ ಹೊತ್ತಿನಲ್ಲಷ್ಟೇ ನೀರು ಅಲುಗದೆ ಇರುತ್ತದೆ. ಹನ್ನೊಂದರಿಂದ ಮೂರೂವರೆ ತನಕ ಬೆಳಕು ನೆತ್ತಿಯ ಮೇಲೆ, ಬಣ್ಣ ಸಪ್ಪೆ, ಸೆಖೆ ಬೇರೆ. ಆ ಹೊತ್ತನ್ನು ಊಟಕ್ಕೆ, ನೆರಳಿಗೆ, ಚಿಂಚೋಳಿಯಲ್ಲಿ ಪೆಟ್ರೋಲ್ ಹಾಕಿಸುವುದಕ್ಕೆ ಇಟ್ಟುಕೊಳ್ಳಿ. ಕುಂಚಾವರಂ ರಸ್ತೆಗೆ ಇಳಿಬಿಸಿಲೇ ಬೇಕು, ಮೂರೂವರೆಗೆ ಹೊರಟು ಕತ್ತಲಾಗುವುದರೊಳಗೆ ಕಾಡು ದಾಟಿ. ಸಂಜೆ ಆರೂಕಾಲು ಆರೂವರೆ ನಡುವೆ ಹೊತ್ತು ಮುಳುಗುತ್ತದೆ.

ನಿಲ್ಲುತ್ತ ನೋಡುತ್ತ ಹೋಗುವ ಹಾದಿಯಲ್ಲಿ ಗಂಟೆಗೆ 25ರಿಂದ 30 ಕಿಲೊಮೀಟರ್‌ಗಿಂತ ಹೆಚ್ಚು ಸಾಗುವುದಿಲ್ಲ. ಮೊಬೈಲ್ ನಕ್ಷೆ ಎರಡು ಗಂಟೆ ಎಂದು ತೋರಿಸಿದರೆ ನಾಲ್ಕು ಎಂದು ಬರೆದುಕೊಳ್ಳಿ. ಕಾಡಿನೊಳಗೆ ನೆಟ್‌ವರ್ಕ್ ಬಿಟ್ಟು ಬಿಟ್ಟು ಸಿಗುತ್ತದೆ, ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಬೇಕು. ಬಾಡಿಗೆಯ ಹಳದಿ ಬೋರ್ಡ್ ಗಾಡಿಯಾದರೆ ತೆಲಂಗಾಣ ದಾಟಲು ಪರವಾನಗಿ ಇದೆಯೇ ಎಂದು ಮಾಲೀಕರನ್ನು ಕೇಳಿಯೇ ಗೊತ್ತುಮಾಡಿ. ಗಡಿಯಲ್ಲಿ ಮಾತಾಡಿದರಾಯಿತು ಎಂದು ಹೊರಟವರ ಇಳಿಬಿಸಿಲು ಗಡಿಯಲ್ಲೇ ಮುಗಿಯುತ್ತದೆ.

ಚಂದ್ರಂಪಳ್ಳಿ ಜಲಾಶಯ ಇರುವುದು ಚಿಂಚೋಳಿ ವನ್ಯಜೀವಿ ಧಾಮದಲ್ಲಿ. ಮುಲ್ಲಾಮಾರಿಗೆ ಸೇರುವ ಸರನಾಲಾ ಹೊಳೆಗೆ ಕಟ್ಟಿದ ಒಡ್ಡು ಅದು. 134.88 ಚದರ ಕಿಲೊಮೀಟರ್‌ನ ಈ ಕಾಡನ್ನು 2011ರಲ್ಲಿ ಧಾಮವೆಂದು ಘೋಷಿಸಲಾಯಿತು. ಒಣನಾಡು ಎಂದು ಹೆಸರಾದ ಜಿಲ್ಲೆಯೊಳಗೆ ಇಷ್ಟು ದಟ್ಟ ಕಾಡು ಉಳಿದಿರುವುದೇ ದೊಡ್ಡ ಸಂಗತಿ, ಅಲ್ಲಿಗೆ ಹೋಗುವವರು ಅದನ್ನು ನೆನಪಿಟ್ಟುಕೊಂಡೇ ಹೋಗಬೇಕು. ಕಾನೂನು ಸರಳವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಧಾಮದೊಳಗಿನ ಸಾರ್ವಜನಿಕ ರಸ್ತೆಯಲ್ಲಿ ಹಾದುಹೋಗಲು ಅಪ್ಪಣೆ ಬೇಡ. ರಸ್ತೆ ಬಿಟ್ಟು ಕಾಡೊಳಗೆ ಕಾಲಿಡಲು ಬೇಕು. ಗೊಟ್ಟಂಗೊಟ್ಟ ಕಡೆಯೋ ಒಳದಾರಿಯಲ್ಲೋ ನಡೆಯುವ ಮನಸ್ಸಿದ್ದರೆ ಒಂದು ವಾರ ಮುಂಚೆಯೇ ಚಿಂಚೋಳಿಯ ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ. ಬೆಂಕಿಯ ಕಾಲದಲ್ಲಿ ಒಳದಾರಿಗಳನ್ನು ಮುಚ್ಚುವುದುಂಟು. ಮುಚ್ಚಿದ್ದರೆ ರಸ್ತೆಯಿಂದ ಕಾಣುವುದಷ್ಟನ್ನೇ ನೋಡಿ ಬನ್ನಿ; ಅದೂ ಕಡಿಮೆಯೇನಲ್ಲ. ಎತ್ತಿಪೋತ ಜಲಪಾತದ ಹೆಸರು ಕೇಳಿ ಅದನ್ನೂ ಸೇರಿಸಲು ಹೊರಡುತ್ತಾರೆ. ಅದು ಮಳೆಗಾಲದ ಜಾಗ, ಈಗ ಬಂಡೆ ನೋಡಿ ಬರುವಂತಾಗುತ್ತದೆ.

ಬೆಂಕಿಯ ಬಗ್ಗೆ ಬಿಡಿಸಿ ಹೇಳಬೇಕು. ನಾವು ನೋಡಲು ಹೋಗುವ ಉದುರೆಲೆಯೇ ಆ ಕಾಡಿನ ಸೌದೆ. ತೇಗದ ಎಲೆ ಮೊಣಕಾಲು ಮುಚ್ಚುವಷ್ಟು ಬಿದ್ದ ಕಡೆ ಒಂದು ಕಿಡಿ ಸಾಕು, ಗಾಳಿ ಜೊತೆಗೂಡಿದರೆ ಮಧ್ಯಾಹ್ನದೊಳಗೆ ಗುಡ್ಡ ಹೋಗುತ್ತದೆ. ಬೀಡಿ, ಸಿಗರೇಟು, ಒಲೆ ಯಾವುದೂ ಬೇಡ ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಗಾಡಿಯ ವಿಷಯ. ಬಹಳ ಹೊತ್ತು ಓಡಿದ ಕಾರಿನ ಸೈಲೆನ್ಸರ್ ಕೊಳವೆ, ಅದರ ಮುಂದಿರುವ ಕ್ಯಾಟಲಿಟಿಕ್ ಕನ್ವರ್ಟರ್, ಒಣ ಹುಲ್ಲನ್ನು ಹೊತ್ತಿಸುವಷ್ಟು ಕಾದಿರುತ್ತವೆ. ಎಲೆರಾಶಿಯ ಮೇಲೆ, ಎತ್ತರದ ಒಣಹುಲ್ಲಿನ ಮೇಲೆ ಗಾಡಿ ನಿಲ್ಲಿಸಲೇಬೇಡಿ. ಡಾಂಬರು ಅಥವಾ ಬರಿನೆಲ ನೋಡಿ ನಿಲ್ಲಿಸಿ. ನಿಲ್ಲಿಸಿದ ಮೇಲೆ ಬಗ್ಗಿ ಅಡಿಯಲ್ಲಿ ಎಲೆ ಸಿಕ್ಕಿಕೊಂಡಿದೆಯೇ ನೋಡಿ ತೆಗೆಯಿರಿ. ಎಲ್ಲಾದರೂ ಹೊಗೆ ಕಂಡರೆ ಜಾಗ ಗುರುತು ಮಾಡಿಕೊಂಡು ಅರಣ್ಯ ಸಿಬ್ಬಂದಿಗೆ ತಿಳಿಸಿ, 112ಕ್ಕೆ ಕರೆ ಮಾಡಿ.

ಬೆಳಕಿನ ಲೆಕ್ಕ ಎರಡೇ ಮಾತಿನದು. ನೀರಿನಲ್ಲಿ ಮರದ ಬಿಂಬ ಬೇಕಿದ್ದರೆ ಸೂರ್ಯ ಬೆನ್ನಿಗಿರಲಿ: ಬೆಳಿಗ್ಗೆ ಪೂರ್ವ ದಂಡೆಯಲ್ಲಿ ನಿಂತು ಪಶ್ಚಿಮಕ್ಕೆ ನೋಡಿ, ಸಂಜೆ ಪಶ್ಚಿಮ ದಂಡೆಯಲ್ಲಿ ನಿಂತು ಪೂರ್ವಕ್ಕೆ. ದಿಂಡಿಗ, ತೇಗದ ಎಲೆಯೊಳಗಿನ ಬಣ್ಣ ಬೇಕಿದ್ದರೆ ಇದರ ತಿರುಗು ಮುರುಗು, ಎಲೆ ನಿಮಗೂ ಸೂರ್ಯನಿಗೂ ನಡುವೆ ಇರಬೇಕು. ಮಾರ್ಚ್ ಹೊತ್ತಿಗೆ ದೂರದ ಗುಡ್ಡಕ್ಕೆ ಮಬ್ಬು ಕವಿಯುತ್ತದೆ. ಆಗ ದೂರದ ನೋಟ ಬಿಟ್ಟು ಹತ್ತಿರದ ಕೊಂಬೆಗೆ ಬನ್ನಿ.

ನೀರಿನ ಹತ್ತಿರ ಹೋಗುವ ಆಸೆಯಲ್ಲಿ ಗಾಡಿ ಹುಗಿಯುವುದು ಈ ಪ್ರವಾಸದ ಸಾಮಾನ್ಯ ಸಂಕಟ. ನೀರು ಸರಿದ ಎರೆನೆಲ ಮೇಲೆ ಬಿರುಕು ಬಿಟ್ಟು ಒಣಗಿ ಗಟ್ಟಿಯಾಗಿ ಕಾಣುತ್ತದೆ, ಗೇಣು ಕೆಳಗೆ ಹಿಟ್ಟಿನ ಹದದ ಕೆಸರು. ಜನ ನಡೆದಾಡಿದರೆ ತಡೆಯುತ್ತದೆ, ಒಂದು ಟನ್ ಗಾಡಿ ತಡೆಯುವುದಿಲ್ಲ. ಇಳಿಯುವ ಮೊದಲು ಒಂದು ಕೋಲನ್ನು ಒಂದಡಿ ಆಳಕ್ಕೆ ಚುಚ್ಚಿ ಎಳೆಯಿರಿ. ತುದಿಗೆ ಕರಿಮಣ್ಣು ಅಂಟಿ ಬಂದರೆ ಅಲ್ಲಿಂದ ಮುಂದೆ ಕಾಲುನಡಿಗೆ. ಆದರೂ ಹುಗಿದರೆ ಎಕ್ಸಲೇಟರ್ ಒತ್ತಬೇಡಿ, ಗಾಲಿ ತಿರುಗಿದಷ್ಟೂ ಗುಂಡಿ ಆಳವಾಗಿ ಗಾಡಿಯ ಹೊಟ್ಟೆ ನೆಲಕ್ಕೆ ಕೂರುತ್ತದೆ. ಎಲ್ಲರೂ ಇಳಿಯಿರಿ. ಓಡಿಸುವ ಗಾಲಿಗಳ, ಅಂದರೆ ಸಾಮಾನ್ಯ ಕಾರಿನಲ್ಲಿ ಮುಂದಿನ ಗಾಲಿಗಳ, ಗಾಳಿಯನ್ನು 18 ಪಿಎಸ್‌ಐಗೆ ಇಳಿಸಿ; ಟೈರು ಅಗಲವಾಗಿ ಹಿಡಿತ ಸಿಗುತ್ತದೆ. ಗಾಲಿಯ ಹಿಂದಿನ ಮಣ್ಣು ತೆಗೆದು ತೊಗರಿ ಕಟ್ಟಿಗೆ ಹಾಸಿ. ಫೆಬ್ರುವರಿಯಲ್ಲಿ ರಾಶಿ ಮುಗಿದ ಹೊಲದ ಬದುವಿನಲ್ಲಿ ಅದರ ಗೂಡು ಇದ್ದೇ ಇರುತ್ತದೆ, ಹೊಲದವರನ್ನು ಕೇಳಿ ತನ್ನಿ. ಅದು ಅವರ ವರ್ಷದ ಉರುವಲು. ಆಮೇಲೆ ಬಂದ ಜಾಡಿನಲ್ಲೇ ರಿವರ್ಸ್ ಗೇರ್‌ನಲ್ಲಿ ನಿಧಾನಕ್ಕೆ ಹಿಂದೆ. ಹೊರಬಂದ ಕೂಡಲೆ ಗಾಳಿ ತುಂಬಿ, 18ರಲ್ಲಿ ಡಾಂಬರಿನ ಮೇಲೆ ಓಡಿಸಿದರೆ ಟೈರು ಕಾದು ಹರಿಯುತ್ತದೆ. ಹನ್ನೆರಡು ವೋಲ್ಟಿನ ಸಣ್ಣ ಪಂಪು, ಗೇಜು ಎರಡೂ ಡಿಕ್ಕಿಯಲ್ಲಿರಲಿ.

ಟೈರಿನ ಇನ್ನೊಂದು ಶತ್ರು ಜಾಲಿ ಮುಳ್ಳು. ಹೊಲಕ್ಕೆ ಹಾಕಿದ ಮುಳ್ಳುಬೇಲಿಯ ತುಣುಕು ಬಂಡಿದಾರಿಯಲ್ಲಿ ಬಿದ್ದಿರುತ್ತದೆ. ಟ್ಯೂಬ್‌ಲೆಸ್ ಟೈರಿಗೆ ಚುಚ್ಚಿದರೆ ಗಾಳಿ ಒಮ್ಮೆಲೇ ಹೋಗುವುದಿಲ್ಲ, ರಾತ್ರಿಯಿಡೀ ಸೋರಿ ಬೆಳಿಗ್ಗೆ ಐದಕ್ಕೆ ಚಪ್ಪಟೆಯಾಗಿ ಕಾದಿರುತ್ತದೆ. ಸಂಜೆ ಬೀದರ್ ತಲುಪಿದ ಮೇಲೆ ನಾಲ್ಕೂ ಗಾಲಿ ಟಾರ್ಚ್ ಹಾಕಿ ನೋಡಿ. ಮುಳ್ಳು ಕಂಡರೆ ಕೀಳದೆ ನೇರ ಪಂಕ್ಚರ್ ಅಂಗಡಿಗೆ ಹೋಗಿ. ಗಾಳಿಯ ಒತ್ತಡ ನೋಡುವುದು ಬೆಳಿಗ್ಗೆ, ಟೈರು ತಣ್ಣಗಿರುವಾಗ. ಬಿಸಿಯಲ್ಲಿ ಏರಿದ ಒತ್ತಡ ನೋಡಿ ಗಾಳಿ ಬಿಡಬಾರದು.

ಕಾಡಿನ ಅಂಚಿನಲ್ಲಿ ನಸುಗುನ್ನಿಯ ಬಳ್ಳಿ ಗುರುತು ಹಿಡಿಯಲು ಕಲಿಯಿರಿ. ಈ ಕಾಲಕ್ಕೆ ಅದರ ಕಾಯಿ ಬಲಿತು, ಮೇಲಿನ ಹೊಂಬಣ್ಣದ ರೋಮ ಗಾಳಿಗೂ ಉದುರುತ್ತದೆ. ಮೈಗೆ ತಾಗಿದರೆ ತಾಳಲಾರದ ತುರಿಕೆ. ಉಜ್ಜಿದರೆ ಹರಡುತ್ತದೆ. ಅಂಟುಪಟ್ಟಿ ಒತ್ತಿ ಎಳೆದು ರೋಮ ತೆಗೆದು, ಆಮೇಲೆ ಸೋಪು ನೀರು. ಬಟ್ಟೆ ಬದಲಿಸಬೇಕು. ಬೂರುಗ, ಮುತ್ತುಗ ಹೂಬಿಟ್ಟ ಕಡೆ ಹೆಜ್ಜೇನು ಇದ್ದೇ ಇರುತ್ತದೆ, ದೊಡ್ಡ ಮರದ ಕೊಂಬೆ ಮತ್ತು ಒಡ್ಡಿನ ಗೋಡೆ ಮೊದಲು ನೋಡಿ. ಸುಗಂಧ ಹಚ್ಚಿಕೊಂಡು ಹೋಗಬೇಡಿ, ಡ್ರೋನ್ ಹಾರಿಸುವ ಮಾತೇ ಬೇಡ. ನೀರಿಗೆ ಇಳಿಯುವುದೂ ಬೇಡ. ಮುಳುಗಿದ ಹಳೆಯ ಹೊಳೆಯ ಪಾತ್ರ ಎಲ್ಲಿದೆ ಎಂದು ಮೇಲಿನಿಂದ ತಿಳಿಯುವುದಿಲ್ಲ, ಒಂದು ಹೆಜ್ಜೆಗೆ ಮೊಣಕಾಲಿದ್ದದ್ದು ಮುಂದಿನ ಹೆಜ್ಜೆಗೆ ಆಳ್ಮಟ್ಟ.

ಊಟ ಮನೆಯದೇ ಒಳ್ಳೆಯದು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಪುಂಡಿ ಪಲ್ಯ. ಹುಳಿ ಇರುವುದರಿಂದ ಪುಂಡಿ ಪಲ್ಯ ಸಂಜೆ ತನಕ ಕೆಡುವುದಿಲ್ಲ. ನೀರು ತಲೆಗೆ ನಾಲ್ಕು ಲೀಟರ್, ರೇಡಿಯೇಟರಿಗೆಂದು ಬೇರೆ ಎರಡು. ಹೋಳಿಯ ಆಸುಪಾಸಿನಲ್ಲಿ ಚಿಂಚೋಳಿ ಕಡೆಯ ತಾಂಡಾಗಳಲ್ಲಿ ಹಾಡು ಕುಣಿತ ಜೋರಾಗಿರುತ್ತದೆ. ದುಡಿಯಲು ಮುಂಬೈ, ಪುಣೆ, ಹೈದರಾಬಾದ್ ಕಡೆ ಹೋದವರಲ್ಲಿ ಹಲವರು ಆ ಹಬ್ಬಕ್ಕೆ ಊರಿಗೆ ಬರುತ್ತಾರೆ. ಕರೆದರೆ ಹೋಗಿ, ಹಿರಿಯರನ್ನು ಕೇಳದೆ ಕ್ಯಾಮೆರಾ ಎತ್ತಬೇಡಿ.

ಎರಡನೆಯ ದಿನ ಬೀದರ್‌ನಲ್ಲಿ ಏಳುವುದಕ್ಕೆ ಒಂದು ಕಾರಣವಿದೆ. ನಾವು ಮೊದಲು ಹೇಳಿದ ನೆಲದ ಲೆಕ್ಕ ಅಲ್ಲಿ ಕಣ್ಣಿಗೇ ಕಾಣುತ್ತದೆ. ಊರು ಕೂತಿರುವುದು ಜಂಬಿಟ್ಟಿಗೆಯ ಎತ್ತರದ ಹಾಸಿನ ಮೇಲೆ. ಈ ಕಲ್ಲು ಮಳೆನೀರನ್ನು ಹೀರಿ ಕೆಳಗೆ ಬಿಡುತ್ತದೆ. ಅಡಿಯಲ್ಲಿರುವ ಗಟ್ಟಿ ಕರಿಕಲ್ಲು ಬಿಡುವುದಿಲ್ಲ. ಎರಡೂ ಕೂಡುವ ಅಂಚಿನಲ್ಲಿ ನೀರು ಪಕ್ಕಕ್ಕೆ ಜಿನುಗುತ್ತದೆ. ಝರಣಿ ನರಸಿಂಹನ ಗುಹೆಯ ನೀರು, ಪಾಪನಾಶದ ಊಟೆ, ಬಹಮನಿಗಳ ಕಾಲದ ನೌಬಾದ್ ಸುರಂಗಬಾವಿ, ಎಲ್ಲ ಈ ಜಿನುಗಿನ ಮಕ್ಕಳು. ಬೆಳಿಗ್ಗೆ ಹಾಸಿನ ಅಂಚಿಗೆ ನಿಂತು ಕೆಳಗೆ ನೋಡಿ. ಕಾಲಬುಡದ ಸೀತಾಫಲದ ಪೊದೆ ಎಲೆ ಉದುರಿಸಿ ಕಡ್ಡಿಯಾಗಿರುತ್ತದೆ; ಇಳಿಜಾರು ಹಳದಿ; ನೀರು ಜಿನುಗುವ ಗೆರೆಗುಂಟ ಮಾತ್ರ ಮರಗಳು ಇನ್ನೂ ಹಸಿರಾಗಿ ಸಾಲುಗಟ್ಟಿರುತ್ತವೆ.

ಅಲ್ಲಿಂದ ಕಾರಂಜಾ. ಕೊಹೀರ್ ಬಳಿ ಹುಟ್ಟಿ ಮಾಂಜ್ರಾ ಸೇರುವ ನದಿಗೆ ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಹತ್ತಿರ ಕಟ್ಟಿದ ಒಡ್ಡು, 7.69 ಟಿಎಂಸಿ ಅಡಿ ನೀರು ಹಿಡಿಯುವಂಥದ್ದು. ಇಲ್ಲಿ ಕಾಡು ಹುಡುಕಬೇಡಿ. ಅಗಲವಾದ ನೀರು, ಸುತ್ತ ಹೊಲ, ಬದುವಿನ ಮೇಲೆ ಒಂಟಿ ಮುತ್ತುಗ. ತೆನೆಗಟ್ಟಿ ಒಣಗುತ್ತಿರುವ ಬಿಳಿಜೋಳ, ಅಲ್ಲಲ್ಲಿ ಕೊನೆಯ ಹೂವಿನ ಕುಸುಬಿ, ಕಬ್ಬಿನ ಬೆಳ್ಳಿಗರಿ. ಕಾಡಿನ ಬಣ್ಣ ಗುಂಪಿನದು, ಈ ಬಣ್ಣ ಒಂಟಿಯದು. ನಮಗೆ ಕೇಳಿದರೆ ಒಂದು ಕಿತ್ತಳೆ ಮರದ ಹಿಂದೆ ಅಷ್ಟು ದೊಡ್ಡ ನೀಲಿ ಬೇರೆ ಎಲ್ಲೂ ಸಿಗದು. ಸಪಾಟು ದಂಡೆಯಾದ್ದರಿಂದ ನೀರಿನ ಹತ್ತಿರ ಇಳಿಯದೆ, ಏರಿಯ ಮೇಲೆ ಅಥವಾ ಬದುವಿನ ಎತ್ತರದಿಂದಲೇ ನೋಡಿ.

ದೊಡ್ಡ ನೀರೇ ಬೇಕು ಎನ್ನುವವರು ಯಾದಗಿರಿ ಕಡೆಯ ಬಸವಸಾಗರದ ಹೆಸರು ತೆಗೆಯುತ್ತಾರೆ. ನಾರಾಯಣಪುರದ ಆ ಅಣೆಕಟ್ಟಿನ ಉದ್ದವೇ ಸುಮಾರು 10 ಕಿಲೊಮೀಟರ್, ಕಾರಂಜಾ ಅದರ ಮುಂದೆ ಸಣ್ಣದು. ಆದರೆ ಎಲೆಯ ಬಣ್ಣಕ್ಕೆ ಆ ಕಡೆ ಹೋಗುವುದರಲ್ಲಿ ಅರ್ಥವಿಲ್ಲ. ಕಾಲುವೆ ನೀರಿನ ನೆಲ, ಫೆಬ್ರುವರಿಯಲ್ಲೂ ಹಸಿರು. ಬೋನಾಳ ಕೆರೆಯ ಹಕ್ಕಿಗಳ ಜೊತೆ ಸೇರಿಸಿ ಅದನ್ನು ಬೇರೆಯೇ ಪ್ರವಾಸವಾಗಿ, ಡಿಸೆಂಬರ್‌ಗೆ ಇಟ್ಟುಕೊಳ್ಳಿ.

ಮರಳುವ ಹಾದಿ ಹುಮನಾಬಾದ್ ಮೇಲೆ, ಅಲ್ಲಿಂದ ಕಲಬುರಗಿಗೆ ಅರವತ್ತು ಕಿಲೊಮೀಟರ್ ಚಿಲ್ಲರೆ. ಕಬ್ಬು ಕಡಿಯುವ ಕಾಲವಾದ್ದರಿಂದ ಎರಡೆರಡು ಟ್ರೇಲರ್ ಹೂಡಿದ ಟ್ರ್ಯಾಕ್ಟರ್‌ಗಳು ರಾತ್ರಿಯಿಡೀ ಕಾರ್ಖಾನೆಗೆ ಹೋಗುತ್ತಿರುತ್ತವೆ. ಹಲವಕ್ಕೆ ಹಿಂದೆ ದೀಪವಿರುವುದಿಲ್ಲ, ಕಬ್ಬಿನ ತುದಿ ಎರಡೂ ಕಡೆ ಚಾಚಿಕೊಂಡಿರುತ್ತದೆ, ಎದುರಿನ ಬೆಳಕಿಗೆ ಕಣ್ಣು ಕುಕ್ಕಿದಾಗ ಕಾಣುವುದೇ ಇಲ್ಲ. ಕೆಲವು ಕಡೆ ಕಡಲೆ, ಜೋಳದ ರಾಶಿಗೆ ಅರ್ಧ ರಸ್ತೆ ಹಿಡಿದು, ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಆದ್ದರಿಂದ ಕಾರಂಜಾದ ಸಂಜೆಯ ಬೆಳಕಿನ ಆಸೆ ಬಿಟ್ಟು ಮಧ್ಯಾಹ್ನ ಮೂರಕ್ಕೇ ಹೊರಡಿ. ಕಮಲಾಪುರದಲ್ಲಿ ಕೆಂಪು ಬಾಳೆ ಕೊಳ್ಳಲು ನಿಂತರೂ ದೀಪ ಹಚ್ಚುವ ಮೊದಲು ಕಲಬುರಗಿ ಸೇರುತ್ತೀರಿ.